ಕೂಡಿದರೆ ಒಂಬತ್ತು ಬರುವ ಕಳ್ಳಿಗಳು

ಶನಿವಾರ, 15 ಜೂನ್ 2024, ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಮೊದಲ ಕಳ್ಳಿಯ ಮೇಲೆ ಮಾರ್ಕರ್ ಪೆನ್ನಿನಿಂದ 1 ಎಂದು ಬರೆದೆ. 9 ಗಂಟೆ 35ಕ್ಕೆ 63 ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದೆ. ಅಷ್ಟು ಹೊತ್ತಿಗೆ ನನ್ನ ಎಡಗೈಯ ಮೂರು ಬೆರಳುಗಳಿಗೆ ಮುಳ್ಳು ಹೊಕ್ಕಿತ್ತು. ಕೈಗವಸು ಇತ್ತು, ಆದರೆ ಕೈಗವಸು ಹಾಕಿಕೊಂಡರೆ ಅಂಕಿಗಳು ದುಂಡಗೆ ಬರುವುದಿಲ್ಲ.

ನ್ಯೂಜೆರ್ಸಿಯಲ್ಲಿ ಪಾಪಸ್‌ಕಳ್ಳಿ ತಾನಾಗಿಯೇ ಬೆಳೆಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ನಾನಿರುವ ಮೆಟುಚೆನ್‌ನಿಂದ ರಾಬಿನ್ಸ್‌ವಿಲ್ ಕಡೆಗೆ ಹೋಗುವಾಗ, ಒಂದು ಗೋದಾಮಿನ ಹಿಂಭಾಗದಲ್ಲಿ ಮರಳಿನ ದಿಬ್ಬ ಇತ್ತು. ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟುತ್ತಿರಲಿಲ್ಲ. ಅಂಥ ಬಿಸಿಲು ಬೀಳುವ ಬರಡು ಮರಳೇ ಈ ಕಳ್ಳಿಗೆ ಬೇಕು. ಮೊಣಕಾಲೆತ್ತರಕ್ಕೂ ಬೆಳೆಯದೆ ನೆಲಕ್ಕಂಟಿಕೊಂಡು ಹರಡುತ್ತದೆ. ಜೂನ್‌ನಲ್ಲಿ ಅಂಗೈಯಷ್ಟು ಹಳದಿ ಹೂ ಬಿಡುತ್ತದೆ. ಜೇನುಹುಳ ಹೂವಿನೊಳಕ್ಕೆ ಇಳಿದರೆ ಕೇಸರಗಳೆಲ್ಲ ಮೆಲ್ಲಗೆ ಒಳಕ್ಕೆ ಬಾಗಿ ಹುಳದ ಮೈಗೆ ಪರಾಗ ಬಳಿಯುತ್ತವೆ. ನಾನು ಕಡ್ಡಿಯಿಂದ ಮುಟ್ಟಿ ನೋಡಿದೆ, ಆಗಲೂ ಬಾಗಿದವು. ನಾಲ್ಕು ಹೂಗಳಲ್ಲಿ ಪರೀಕ್ಷಿಸಿದೆ, ನಾಲ್ಕೂ ಬಾಗಿದವು.

ಆ ದಿಬ್ಬವನ್ನು ಕಡಿದು ಮಳೆನೀರಿನ ಚರಂಡಿ ಮಾಡುವುದೆಂದು ತೀರ್ಮಾನವಾಗಿತ್ತು. ಕಾಡುಗಿಡಗಳನ್ನು ಉಳಿಸುವ ನಮ್ಮ ಸಣ್ಣ ಗುಂಪಿಗೆ ಸೆಪ್ಟೆಂಬರ್ ಕೊನೆಯವರೆಗೆ ಗಡುವು ಸಿಕ್ಕಿತು. ಬೇಸಿಗೆಯ ಬಿಸಿಲು ಇಳಿದ ಮೇಲೆ ಎಲ್ಲ ಕಳ್ಳಿಗಳನ್ನೂ ಕಿತ್ತು ಒಂದು ಉದ್ಯಾನದ ಮರಳುಮಡಿಗೆ ಸಾಗಿಸಬೇಕು. ಅಂಗಡಿಯಿಂದ ಬೇರೆ ಕಳ್ಳಿ ತಂದು ನೆಟ್ಟರೆ ಆಗದೇ ಎಂದು ನಾನು ಗುಂಪಿನ ಹಿರಿಯರನ್ನು ಕೇಳಿದ್ದೆ. ಅವರು ನಿವೃತ್ತ ಜೀವಶಾಸ್ತ್ರ ಶಿಕ್ಷಕಿ, ಇಲ್ಲಿಯವರೇ. ಎಲ್ಲರೂ ಅವರನ್ನು ಟೀಚರ್ ಎನ್ನುತ್ತೇವೆ. "ಈ ದಿಬ್ಬದ ಹಿಮವನ್ನು ತಡೆದುಕೊಂಡು ಬದುಕಿದ್ದು ಈ ಕಳ್ಳಿ. ಅಂಗಡಿಯದಲ್ಲ. ಇದು ಹೋದರೆ ಹೋಯಿತು" ಎಂದರು. ಎಣಿಸುವ, ಗುರುತು ಹಾಕುವ, ಎರಡು ವಾರಕ್ಕೊಮ್ಮೆ ಹೋಗಿ ನೋಡಿ ಬರುವ ಕೆಲಸ ನನಗೆ ಬಂತು. ಜೆರ್ಸಿ ಸಿಟಿಯ ಆಫೀಸಿನಲ್ಲಿ ಇಡೀ ದಿನ ಬೇರೆಯವರ ಅಂಕಿಗಳನ್ನು ತಾಳೆ ಹಾಕುವವಳಿಗೆ ಇದು ರಜೆಯ ಹಾಗಿತ್ತು.

ಸಸ್ಯಶಾಸ್ತ್ರದ ಪ್ರಕಾರ ಕಳ್ಳಿಯ ಚಪ್ಪಟೆ ಭಾಗ ಎಲೆಯಲ್ಲ, ಕಾಂಡ. ಆದರೆ ಬಾಯಿಗೆ ಬರುವುದು ಎಲೆ ಎಂದೇ. ಹಾಗಾಗಿ 63 ಎಲೆ ಎಂದು ಬರೆದುಕೊಂಡೆ.

ಒಂದು ತೊಂದರೆ ಇತ್ತು. ನಾನು ಡ್ರೈವಿಂಗ್ ಟೆಸ್ಟ್‌ನಲ್ಲಿ ಎರಡು ಸಲ ಫೇಲಾಗಿದ್ದೆ. ನನ್ನನ್ನು ಕರೆದೊಯ್ದವರು ಮನೆ ಒಡತಿ ಆಂಟಿ. ದಾವಣಗೆರೆಯವರು. ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೇನೆ. ಅವರು ಹೇಗೂ ಆ ಕಡೆಯ ದೇವಸ್ಥಾನಕ್ಕೆ ಹೋಗುವವರು. ಮೊದಲ ದಿನ ಕಾರಿನಿಂದ ಇಳಿದವರೇ ದಿಬ್ಬದ ಮುಂದೆ ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಅಯ್ಯೋ ಶಿವನೇ, ಇದು ನಮ್ಮ ಪಾಪಸ್‌ಕಳ್ಳಿ ಅಲ್ಲೇನೇ? ನಮ್ಮೂರಿಂದ ಇಲ್ಲಿಗೆ ಹೆಂಗೆ ಬಂತು?"

"ಅಲ್ಲಿಂದ ಬಂದಿದ್ದಲ್ಲ ಆಂಟಿ. ಪಾಪಸ್‌ಕಳ್ಳಿ ಮೂಲ ಈ ಕಡೆಯದೇ. ಇಲ್ಲಿಂದ ನಮ್ಮಲ್ಲಿಗೆ ಹೋಗಿದ್ದು."

"ಸುಮ್ನಿರು. ನಮ್ಮಜ್ಜಿ ಹೊಲದ ಬೇಲಿ ತುಂಬಾ ಇದೇ ಇತ್ತು. ನಮ್ಮಜ್ಜಿ ಅಮೆರಿಕಾಗೆ ಬಂದು ಹೋಗಿದ್ರಾ?"

ವಾದ ಅಲ್ಲಿಗೇ ನಿಂತಿತು. ನಾನು ನಂಬರ್ ಬರೆಯತೊಡಗಿದೆ. ಆಂಟಿ ದಿಬ್ಬದ ಸುತ್ತ ಓಡಾಡಿದರು. ವಾಪಸು ಬರುವಾಗ ಸ್ಟೀರಿಂಗನ್ನು ಅಂಗೈಯಿಂದ ಮಾತ್ರ ಹಿಡಿದು, ಬೆರಳುಗಳನ್ನು ಮೇಲಕ್ಕೆತ್ತಿಕೊಂಡು ಓಡಿಸಿದರು. ಅದು ಅವರ ಓಡಿಸುವ ಶೈಲಿ ಇರಬೇಕು ಎಂದುಕೊಂಡೆ.

ಜೂನ್ 29ಕ್ಕೆ ಎಣಿಸಿದಾಗ 62 ಇದ್ದವು. 9ನೆಯದು ಇರಲಿಲ್ಲ. ಜುಲೈ 13ಕ್ಕೆ 58. ಕಾಣೆಯಾದವು 18, 27, 36, 45. ಜುಲೈ 27ಕ್ಕೆ 56. 54 ಮತ್ತು 63 ಹೋಗಿದ್ದವು. ನಾನು ದಿಬ್ಬದ ಈ ತುದಿಯಿಂದ ಆ ತುದಿಗೆ ಸಾಲಾಗಿ ನಂಬರ್ ಹಾಕಿದ್ದೆ. ಅಂದರೆ ಯಾವುದೋ ಪ್ರಾಣಿ ಪ್ರತಿ ಒಂಬತ್ತನೆಯ ಎಲೆಯನ್ನು ಮಾತ್ರ ತಿನ್ನುತ್ತ ದಿಬ್ಬ ದಾಟುತ್ತಿತ್ತು. ಗ್ರಾಫ್ ಹಾಳೆಯಲ್ಲಿ ಅದರ ದಾರಿಯನ್ನು ಕೆಂಪು ಶಾಯಿಯಲ್ಲಿ ಬರೆದು, ಊಟದ ಮೇಜಿನ ಮೇಲೆ ಅಂಕಲ್‌ಗೆ ತೋರಿಸಿದೆ. ಅಂಕಲ್ ಎಂದರೆ ಆಂಟಿಯ ಯಜಮಾನರು. ಊಟ ಮಾಡುವಾಗ ಹೆಚ್ಚು ಮಾತಾಡುವವರಲ್ಲ. ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಜಿಂಕೆ ಇರಬೇಕು" ಎಂದರು.

"ಜಿಂಕೆ ಎಂಟು ಬಿಟ್ಟು ಒಂದು ಯಾಕೆ ತಿನ್ನುತ್ತೆ ಅಂಕಲ್?"

"ಡಯಟ್ ಮಾಡ್ತಿರಬಹುದು."

ಆಂಟಿ ಅಡುಗೆಮನೆಗೆ ಎದ್ದು ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು.

ಆಗಸ್ಟ್ 10ರಂದು ಒಟ್ಟಿಗೆ ಏಳು ಎಲೆ ಮಾಯವಾಗಿದ್ದವು: 5, 14, 23, 32 ಮತ್ತು 6, 15, 24. ಉಳಿದದ್ದು 49. ಇವುಗಳ ನಡುವೆಯೂ ಒಂಬತ್ತರ ಅಂತರ! ನನ್ನ ಸಿದ್ಧಾಂತ ಬಿದ್ದುಹೋಗುವ ಬದಲು ಇನ್ನೂ ಗಟ್ಟಿಯಾಯಿತು. ಪ್ರಾಣಿ ಒಂದಲ್ಲ, ಮೂರು. ಒಂದೊಂದು ಒಂದೊಂದು ಕಡೆಯಿಂದ ಹೊರಟು, ಒಂದೇ ಅಳತೆಯ ಹೆಜ್ಜೆ ಹಾಕುತ್ತಿವೆ. ತಾಯಿ ಮತ್ತು ಎರಡು ಮರಿ ಇರಬಹುದೆಂದು ಟೀಚರ್‌ಗೆ ಎರಡು ಪುಟದ ವರದಿ ಕಳಿಸಿದೆ. ಅವರು ಫೋನ್ ಮಾಡಿದರು.

"ನಾನು ಇಡೀ ಜೀವನ ಬಯಾಲಜಿ ಕಲಿಸಿದ್ದೇನೆ. ಈ ಪ್ರಾಣಿಯನ್ನು ಇನ್ನೂ ಭೇಟಿಯಾಗಿಲ್ಲ" ಎಂದರು. ಆಮೇಲೆ, "ಕಚ್ಚಿದ ಗುರುತು ಇದೆಯಾ, ಕತ್ತರಿಸಿದ ಗುರುತು ಇದೆಯಾ?" ಎಂದು ಕೇಳಿದರು.

ನಾನು ಅದನ್ನು ನೋಡಿರಲಿಲ್ಲ. ಎಣಿಸಿದ್ದೆ ಅಷ್ಟೆ.

ಆಗಸ್ಟ್ 17, ಶ್ರಾವಣ ಶನಿವಾರ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಸಂಜೆ ಭಜನೆ ಇತ್ತು. ಹದಿನೈದು ಹೆಂಗಸರು ಇದ್ದರೂ ಹಾಡಿಗೆ ತಕ್ಕ ಚಪ್ಪಾಳೆಯ ಸದ್ದು ಬರುತ್ತಿರಲಿಲ್ಲ. ಯಾಕೆಂದು ಸುತ್ತ ನೋಡಿದೆ. ಏಳು ಜನ ತಟ್ಟುತ್ತಿದ್ದರು. ಉಳಿದ ಎಂಟು ಜನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ತೊಡೆಗೆ ತಟ್ಟಿಕೊಳ್ಳುತ್ತಿದ್ದರು. ಐದು ಜನರ ಬೆರಳ ತುದಿಗೆ ಬ್ಯಾಂಡೇಜ್ ಇತ್ತು. ಆಂಟಿ ಆ ಎಂಟರಲ್ಲಿ ಒಬ್ಬರು.

ಈ ಕಳ್ಳಿಗೆ ದೊಡ್ಡ ಮುಳ್ಳು ಅಪರೂಪ. ನೋಡಿದರೆ ಸಾಧು. ಆದರೆ ಎಲೆಯ ಮೇಲಿನ ಒಂದೊಂದು ಚುಕ್ಕೆಯಲ್ಲೂ ಕಣ್ಣಿಗೆ ಕಾಣದ ನವಿರು ಮುಳ್ಳಿನ ಕುಚ್ಚು ಇರುತ್ತದೆ. ಚರ್ಮಕ್ಕೆ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ನನ್ನ ಮೂರು ಬೆರಳಿಗೂ ಅದೇ ಬ್ಯಾಂಡೇಜ್ ಇತ್ತು, ಜೂನ್‌ನಲ್ಲಿ.

ಪ್ರಸಾದದ ಪಾತ್ರೆ ಭಾರವಾಗಿತ್ತು. ಹಾಗಾಗಿ ಆ ದಿನ ಆಂಟಿಯ ಜೊತೆ ಮನೆಯ ಮುಂಬಾಗಿಲಿನಿಂದ ಒಳಗೆ ಹೋದೆ. ಬೇಸ್‌ಮೆಂಟಿಗೆ ಪಕ್ಕದ ಬಾಗಿಲು ಇರುವುದರಿಂದ ನಾನು ಮುಂಬಾಗಿಲ ಕಡೆ ಹೋಗುವುದೇ ಇಲ್ಲ. ಬಾಗಿಲ ಮೇಲೆ, ಕಪ್ಪು ದಾರದಲ್ಲಿ ತಲೆಕೆಳಗಾಗಿ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಒಂದು ಕಳ್ಳಿಯ ಎಲೆ ನೇತಾಡುತ್ತಿತ್ತು. ಕುಂಕುಮದ ಕೆಳಗೆ ನನ್ನ ದುಂಡನೆಯ ಅಕ್ಷರದಲ್ಲಿ 9. ತಲೆಕೆಳಗಾಗಿದ್ದರಿಂದ 6ರಂತೆ ಕಾಣುತ್ತಿತ್ತು. ಆದರೆ ನಾನು ಪ್ರತಿ ಅಂಕಿಯ ಕೆಳಗೂ ಗೆರೆ ಎಳೆದಿರುತ್ತೇನೆ.

"ಆಂಟಿ!"

"ಕಿರುಚಬೇಡ ಕಣೇ, ಅಕ್ಕಪಕ್ಕದವರು ಏನಂದ್ಕೋತಾರೆ. ಮನೆಗೆ ದೃಷ್ಟಿ ಆಗಬಾರದು ಅಂತ ಕಟ್ಟಿದ್ದು. ಇಷ್ಟು ವರ್ಷ ಇಂಡಿಯನ್ ಸ್ಟೋರಿಂದ ಪ್ಲಾಸ್ಟಿಕ್ ನಿಂಬೆಹಣ್ಣು, ಪ್ಲಾಸ್ಟಿಕ್ ಮೆಣಸಿನಕಾಯಿ ಕಟ್ಟಿದ್ದೆ. ಪ್ಲಾಸ್ಟಿಕ್‌ಗೆ ಯಾವ ದೃಷ್ಟಿ ಹೆದರುತ್ತೆ, ನೀನೇ ಹೇಳು?"

"ಉಳಿದ ಹದಿಮೂರು ಎಲ್ಲಿ?"

"ಹದಿಮೂರಲ್ಲ, ಹತ್ತೇ. ಒಬ್ಬಳು ನೋಡಿದ್ಲು, ನನಗೂ ಬೇಕು ಅಂದ್ಲು. ಟೆಂಪಲ್‌ಗೆ ಹೋಗ್ತಾ ದಾರೀಲೇ ಸಿಗುತ್ತಲ್ಲ, ಕಾರಲ್ಲಿ ಕೂರಿಸ್ಕೊಂಡು ಹೋದೆ. ನೀನು ನಂಬರ್ ಬೇರೆ ಹಾಕಿದ್ದೆ. ಟೋಕನ್ ಇದ್ದಂಗೆ ಅನುಕೂಲ ಆಯ್ತು. ಎಲ್ಲರಿಗೂ ಕೂಡಿದರೆ ಒಂಬತ್ತು ಬರೋದೇ ಬೇಕು. ಒಂಬತ್ತು ಖಾಲಿ ಆದ್ಮೇಲೆ ಐದಕ್ಕೆ ಬಂದ್ವಿ."

ಆಗ ನನಗೆ ಹೊಳೆಯಿತು. ಒಂಬತ್ತರ ಅಂತರದಲ್ಲಿರುವ ಸಂಖ್ಯೆಗಳ ಅಂಕಿಗಳನ್ನು ಕೂಡುತ್ತ ಹೋದರೆ ಬರುವುದು ಒಂದೇ ಉತ್ತರ. ನಾನು ಗ್ರಾಫ್ ಹಾಳೆಯಲ್ಲಿ ಕೆಂಪು ಶಾಯಿಯಿಂದ ಬರೆದದ್ದು ಸಂಖ್ಯಾಶಾಸ್ತ್ರದ ಹಾದಿಯನ್ನು. 8, 17, 26ನ್ನು ಯಾರೂ ಮುಟ್ಟಿರಲಿಲ್ಲ.

"ಎಂಟನ್ನ ಯಾರಾದ್ರೂ ಬಾಗಿಲಿಗೆ ಕಟ್ತಾರೇನೇ? ಶನಿ ಅದು" ಎಂದರು ಆಂಟಿ.

ಅಂಕಲ್ ಸೋಫಾದಿಂದ, "ಜಿಂಕೆ ಸಿಕ್ತಾ?" ಎಂದು ಕೇಳಿದರು.

ದಿಬ್ಬದ ಕಳ್ಳಿ ಯಾಕೆ ಮುಖ್ಯ ಎಂದು ಮಾರನೆಯ ವಾರ ಹತ್ತೂ ಮನೆಗೆ ಹೋಗಿ ಹೇಳಿದೆ. ಎಲ್ಲರೂ ಬೇಸರಪಟ್ಟರು. ಇನ್ನು ಮುಟ್ಟುವುದಿಲ್ಲ ಎಂದರು. ಎಂಟು ಮನೆಯಲ್ಲಿ ಕಾಫಿ, ಎರಡು ಮನೆಯಲ್ಲಿ ಊಟ ಆಯಿತು. ಕಟ್ಟಿದ್ದನ್ನು ನಾನೂ ಬಿಚ್ಚಿಸಲಿಲ್ಲ. ದಿಬ್ಬದಲ್ಲಿ 49 ಇದ್ದವು. ಅಷ್ಟು ಸಾಕಿತ್ತು.

ಸೆಪ್ಟೆಂಬರ್ 28, ಶನಿವಾರ ಕಳ್ಳಿ ಸಾಗಿಸುವ ದಿನ. ಸಲಿಕೆ, ಬುಟ್ಟಿ, ದಪ್ಪ ಕೈಗವಸು ತೆಗೆದುಕೊಂಡು ನಾನು, ಆಂಟಿ, ಟೀಚರ್ ಬೆಳಿಗ್ಗೆ ಎಂಟಕ್ಕೆ ಹೋದೆವು. ದಿಬ್ಬ ಇರಲಿಲ್ಲ. ಎರಡು ದಿನ ಮೊದಲೇ ಯಂತ್ರ ಬಂದು ಸಮತಟ್ಟು ಮಾಡಿ, ಮರಳನ್ನು ಲಾರಿಯಲ್ಲಿ ಹೊತ್ತೊಯ್ದಿತ್ತು. ತಾರೀಖಿನ ಬಗ್ಗೆ ಯಾರು ಯಾರಿಗೆ ಹೇಳಿರಲಿಲ್ಲವೋ ಕೊನೆಗೂ ತಿಳಿಯಲಿಲ್ಲ. ಚಕ್ರದ ಗುರುತಿನಲ್ಲಿ ಒಂದೆರಡು ಹಸಿರು ಚೂರು ಸಿಕ್ಕವು. ಕೈಗೆತ್ತಿಕೊಂಡರೆ ಚಟ್ನಿಯಂತೆ ಜಾರಿದವು. ಟೀಚರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಪುಸ್ತಕದಲ್ಲಿ ಸೊನ್ನೆ ಬರೆಯಲು ಹೋದೆ. ಬರೆಯಲು ಮನಸ್ಸು ಬರಲಿಲ್ಲ.

ಆಂಟಿ ಹತ್ತಿರ ಬಂದರು. "ಅಳಬೇಡ. ಹನ್ನೊಂದು ಬಾಗಿಲ ಮೇಲಿವೆ."

ಇದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಟೀಚರ್ ತಕ್ಷಣ ಟೋಪಿ ಹಾಕಿಕೊಂಡರು. ಕತ್ತರಿಸಿದ ಎಲೆ ತಿಂಗಳುಗಟ್ಟಲೆ ಒಣಗಿಯೂ ಬದುಕಿರುತ್ತದಂತೆ. ಗಾಯ ಮಾಗಿದ್ದರೆ ಮರಳಿಗೆ ತಾಗಿಸಿದರೆ ಸಾಕು, ಬೇರು ಬಿಡುತ್ತದೆ. "ಇವತ್ತೇ ತೆಗೆದುಕೊಂಡು ಬನ್ನಿ" ಎಂದರು.

ಅಷ್ಟು ಸುಲಭ ಇರಲಿಲ್ಲ. ಆಂಟಿ ಫೋನ್ ಮಾಡಿದ ಮೊದಲ ಮನೆಯಿಂದಲೇ ತಕರಾರು ಬಂತು. ದೃಷ್ಟಿಗೆ ಕಟ್ಟಿದ್ದನ್ನು ಸಿಕ್ಕ ದಿನ ಬಿಚ್ಚುವಂತಿಲ್ಲ. ಅಮಾವಾಸ್ಯೆಯ ಸಂಜೆ ಬಿಚ್ಚಿ, ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಎಸೆದು, ಹಿಂತಿರುಗಿ ನೋಡದೆ ಬರಬೇಕು. ಕೈಗೆ ಕೊಡುವಂತಿಲ್ಲ. ನೆಡುವುದಂತೂ ಕೇಳಲೇಬೇಡಿ.

ನಾನು ಪಂಚಾಂಗ ನೋಡಿದೆ. ಅಕ್ಟೋಬರ್ 2, ಬುಧವಾರ ಮಹಾಲಯ ಅಮಾವಾಸ್ಯೆ. ನಾಲ್ಕೇ ದಿನ ಇತ್ತು. ನವರಾತ್ರಿಗೆ ಮುಂಚೆ ಹಳೆಯದನ್ನು ತೆಗೆಯುವುದು ಹೇಗೂ ಇದ್ದದ್ದೇ. "ಸರಿ, ನೀವು ಎಸೆಯಿರಿ. ಹಿಂತಿರುಗಿ ನೋಡಬೇಡಿ. ಆಮೇಲೆ ನಾನು ಎತ್ತಿಕೊಳ್ಳುತ್ತೇನೆ" ಎಂದೆ. ನಿಯಮದಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ. ಅಡ್ಡಿ ಬಂದದ್ದು ಆಂಟಿಯಿಂದ.

"ಹನ್ನೊಂದು ಮನೆ ದೃಷ್ಟಿ ನಿನ್ನ ತಲೆ ಮೇಲೆ ಹೊತ್ಕೋತೀಯಾ? ವೀಸಾ ರಿನ್ಯೂಯಲ್ ಇನ್ನೂ ಕೈಗೆ ಬಂದಿಲ್ಲ. ಡ್ರೈವಿಂಗ್ ಟೆಸ್ಟ್ ಮೂರನೇ ಸಲ ಇದೆ. ನಿಮ್ಮಮ್ಮ ಫೋನ್ ಮಾಡಿದ್ರೆ ನಾನೇನು ಹೇಳಲಿ?"

"ನನಗೆ ನಂಬಿಕೆ ಇಲ್ಲ ಆಂಟಿ."

"ನಿನಗಿಲ್ಲದಿದ್ರೆ ಬಿಡು, ದೃಷ್ಟಿಗೆ ಇರುತ್ತಲ್ಲ."

ಕೊನೆಗೆ ಭಜನೆ ನಡೆದಿದ್ದ ಮನೆಯ ಆಂಟಿ ದಾರಿ ತೋರಿಸಿದರು. ಟೀಚರ್ ಎತ್ತಿಕೊಳ್ಳಲಿ. ಅವರು ಇಲ್ಲಿಯವರು, ನಮ್ಮ ದೃಷ್ಟಿ ಅವರಿಗೆ ತಾಗುವುದಿಲ್ಲ. ಇದನ್ನು ಟೀಚರ್‌ಗೆ ಹೇಳುವುದು ಹೇಗೆಂದು ಒಂದು ದಿನ ಯೋಚಿಸಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. "ನನ್ನ ವಯಸ್ಸಿಗೆ ಇದಕ್ಕಿಂತ ಕೆಟ್ಟದ್ದನ್ನು ಸಾಕಷ್ಟು ಎತ್ತಿಕೊಂಡಿದ್ದೇನೆ. ಎಷ್ಟು ಗಂಟೆಗೆ?" ಎಂದರು.

ಬುಧವಾರ ಸಂಜೆ 6 ಗಂಟೆ 40. ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ, ಸ್ಟಾಪ್ ಬೋರ್ಡಿನ ಪಕ್ಕ. ಎಸೆದರೆ ಎಲೆ ಜಜ್ಜಿಹೋಗುತ್ತದೆ, ಇಡಿ ಎಂದು ನಾನು ಹೇಳಿದ್ದೆ. ಇಟ್ಟರೆ ಅದು ಎಸೆದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರು ಹೇಳಿದ್ದರು. ರಾಜಿಯಾಗಿ ರಸ್ತೆಯ ಅಂಚಿಗೆ ಒಂದು ಅಗಲ ಟಬ್‌ನಲ್ಲಿ ಮರಳು ತುಂಬಿಟ್ಟಿದ್ದೆವು. ಟಬ್‌ನ ಹಿಂದೆ ಟೀಚರ್ ಮಡಚುವ ಕುರ್ಚಿ ಹಾಕಿಕೊಂಡು, ದಪ್ಪ ಕೈಗವಸು ತೊಟ್ಟು ಕೂತಿದ್ದರು.

ಹನ್ನೊಂದು ಜನ ಒಬ್ಬೊಬ್ಬರಾಗಿ ಬಂದರು. ಅಡುಗೆಮನೆಯ ಇಕ್ಕಳದಲ್ಲಿ ಕಳ್ಳಿ ಹಿಡಿದು, ಬಾಯಲ್ಲಿ ಏನೋ ಹೇಳಿಕೊಂಡು, ಎಸೆದು, ಗಿರಕ್ಕನೆ ತಿರುಗಿ ಹೊರಟರು. ಎಂಟು ಎಲೆ ಟಬ್‌ನೊಳಗೆ ಬಿದ್ದವು. ಎರಡು ಹುಲ್ಲಿಗೆ ಬಿದ್ದವು. 36ನೆಯದು ಟೀಚರ್ ಟೋಪಿಯ ಮೇಲೆ ಕೂತಿತು. ಎಸೆದವರು ಹಿಂತಿರುಗಿ ನೋಡದೆಯೇ, "ಬಿತ್ತಾ? ಒಳಗೆ ಬಿತ್ತಾ?" ಎಂದು ಕೂಗುತ್ತ ನಡೆದರು. "ಬಿತ್ತು, ನಡೀರಿ!" ಎಂದು ನಾನು ಕೂಗಿದೆ.

ಒಬ್ಬರ ಜೊತೆ ಬಂದಿದ್ದ ಮಗಳು, "ಅಮ್ಮಾ, ಈಸ್ ದಿಸ್ ಲಿಟರಿಂಗ್?" ಎಂದು ಕೇಳಿದಳು. ರಸ್ತೆಗೆ ಕಸ ಎಸೆದರೆ ಇಲ್ಲಿ ದಂಡ.

"ಮಾತಾಡಬೇಡ, ನಡಿ."

ನಾಯಿ ಕರೆದುಕೊಂಡು ಹೋಗುತ್ತಿದ್ದ ಎದುರುಮನೆಯವರು ನಿಂತು ಎಲ್ಲವನ್ನೂ ನೋಡಿದರು. ಟೀಚರ್ ಟೋಪಿಯಿಂದ ಕಳ್ಳಿ ಬಿಡಿಸಿಕೊಳ್ಳುತ್ತ, ಇದು ಗಿಡಗಳ ದಾನ, ಪ್ರತಿಯೊಬ್ಬರೂ ತಮ್ಮ ಪದ್ಧತಿಯಂತೆ ಕೊಡುತ್ತಿದ್ದಾರೆ ಎಂದರು. ಆತ ತಲೆಯಾಡಿಸಿದ. ಸುಳ್ಳೇನೂ ಅಲ್ಲ.

ಅಕ್ಟೋಬರ್ 5ಕ್ಕೆ ಹನ್ನೊಂದನ್ನೂ ಉದ್ಯಾನದ ಮರಳುಮಡಿಯಲ್ಲಿ ನೆಟ್ಟೆವು. ನಾನು ನೋಡುತ್ತ ನಿಂತೆ. ಆಂಟಿ ಮುಟ್ಟಲು ಬಿಡಲಿಲ್ಲ.

ಚಳಿಗಾಲದಲ್ಲಿ ಈ ಕಳ್ಳಿ ಮೈಯಲ್ಲಿನ ನೀರನ್ನು ಕಳೆದುಕೊಂಡು, ಸುಕ್ಕುಗಟ್ಟಿ, ನೆಲಕ್ಕೆ ಒರಗುತ್ತದೆ. ಒಳಗೆ ನೀರಿದ್ದರೆ ಹೆಪ್ಪುಗಟ್ಟಿ ಸಾಯುತ್ತದೆ. ಅದಕ್ಕೇ ಈ ಉಪಾಯ. ಆಂಟಿಗೆ ಇದನ್ನು ಹೇಳಬೇಕಿತ್ತು. ನವೆಂಬರ್‌ನಲ್ಲಿ ದೇವಸ್ಥಾನದಿಂದ ಬರುವಾಗ ಅವರು ಒಬ್ಬರೇ ಹೋಗಿ ನೋಡಿದ್ದಾರೆ. ಎಲೆಗಳು ಹಳೆಯ ಹಪ್ಪಳದ ಹಾಗೆ ಬಾಡಿ ಬಿದ್ದಿದ್ದು ಕಂಡು ನೀರಿಲ್ಲದೆ ಒಣಗುತ್ತಿವೆ ಎಂದುಕೊಂಡಿದ್ದಾರೆ. ಬೇಲಿಯ ಹತ್ತಿರ ಕೈಗೆ ಎಟುಕುತ್ತಿದ್ದ ಮೂರಕ್ಕೆ ಬಾಟಲಿಯಿಂದ ನೀರು ಹಾಕಿದ್ದಾರೆ. ಒಂದು ಸಲವಲ್ಲ, ಪ್ರತಿ ಭಾನುವಾರ, ತುಳಸಿಗೆ ಹಾಕಿದ ಹಾಗೆ. ಆ ಮೂರೂ ಕೊಳೆತವು.

ಉಳಿದ ಎಂಟು ಏಪ್ರಿಲ್‌ನಲ್ಲಿ ಮೆಲ್ಲಗೆ ಉಬ್ಬಿ, ತಲೆಯೆತ್ತಿದವು. ಮೊನ್ನೆ, ಜೂನ್ 14, 2025ರಂದು ಎಣಿಸಿದಾಗ ಎಂಟು ಹಳೆಯ ಎಲೆ, ಐದು ಹೊಸ ಎಲೆ ಇದ್ದವು. ಹೊಸವು ಹೆಬ್ಬೆರಳಷ್ಟು ದೊಡ್ಡವು, ಮೃದುವಾಗಿವೆ. ಅವಕ್ಕೆ ನಂಬರ್ ಹಾಕಿಲ್ಲ. ಟೀಚರ್ ಬೇಡ ಎಂದಿದ್ದಾರೆ, ಕಾರಣ ಹೇಳಿಲ್ಲ. ಹೂ ಇನ್ನೂ ಇಲ್ಲ. ಎಂಟು ಎಲೆ ಬದುಕಿವೆ ಎಂದರೆ ದಿಬ್ಬದ ಕಳ್ಳಿ ಬದುಕಿದೆ ಎಂದು ಹೇಳಲು ಅವರಿಗೆ ಧೈರ್ಯ ಇಲ್ಲ. ಒಂದು ಒದ್ದೆ ಚಳಿಗಾಲ ಬಂದರೆ ಸಾಕು, ಎಲ್ಲ ಕೊಳೆಯುತ್ತವೆ ಎನ್ನುತ್ತಾರೆ.

ನನ್ನ ಲೆಕ್ಕವೂ ಮುಗಿದಿಲ್ಲ. ದಿಬ್ಬದಿಂದ ಕತ್ತರಿಸಿದ್ದು 14. ನಮ್ಮವರು ತಂದದ್ದು 11. ಕೂಡಿದರೆ ಆರು ಬರುವ 6, 15, 24ನ್ನು ತಾವು ಯಾರೂ ಮುಟ್ಟಿಲ್ಲ ಎಂದು ಹನ್ನೊಂದು ಜನವೂ ಹೇಳುತ್ತಾರೆ. ನಾನು ನಂಬುತ್ತೇನೆ, ಆರರ ಮೇಲೆ ಅವರಿಗೆ ಯಾರಿಗೂ ಗೌರವವಿಲ್ಲ. ನಮ್ಮವರ ಕಾರು ಅಲ್ಲಿ ನಿಂತದ್ದನ್ನು ಬೇರೆ ಕಾರಿನವರು ಯಾರೋ ನೋಡಿರಬೇಕು. ಮೂರನ್ನು ಕೊಳೆಸಿದ ಸಂಕಟಕ್ಕೆ ಆಂಟಿ ತಾವೇ ಪತ್ತೇದಾರಿಕೆಗೆ ಇಳಿದಿದ್ದಾರೆ. ದೇವಸ್ಥಾನದಲ್ಲಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ ಹೊಸಬರ ಪರಿಚಯವಾದ ಕೂಡಲೇ, "ನೀವು ಹುಟ್ಟಿದ ತಾರೀಖು ಎಷ್ಟು?" ಎಂದು ಕೇಳುತ್ತಾರೆ. ಹುಟ್ಟಿದ ತಾರೀಖು ಕೂಡಿದರೆ ಆರು ಬರುವವರಿಗಷ್ಟೇ ಆರು ಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಆರು, ಹದಿನೈದು ಅಥವಾ ಇಪ್ಪತ್ತನಾಲ್ಕು ಎಂದು ಯಾರಾದರೂ ಹೇಳಿದರೆ ಅವರ ಮನೆಗೆ ಕಾಫಿಗೆ ಹೋಗುತ್ತಾರೆ, ಬಾಗಿಲ ಮೇಲೆ ನೋಡುತ್ತಾರೆ. ಇಲ್ಲಿಯವರೆಗೆ ಒಂಬತ್ತು ಮನೆ ಆಗಿದೆ. ಸಿಕ್ಕಿದ್ದು ಪ್ಲಾಸ್ಟಿಕ್ ನಿಂಬೆಹಣ್ಣು ಮಾತ್ರ.

ನಿಮ್ಮ ಬಾಗಿಲ ಮೇಲೆ, ಅಥವಾ ನೀವು ಕಂಡ ಯಾರದಾದರೂ ಬಾಗಿಲ ಮೇಲೆ, ಕೆಳಗೆ ಗೆರೆ ಎಳೆದ 6, 15 ಅಥವಾ 24 ಎಂಬ ಅಂಕಿಯ ಕಳ್ಳಿ ನೇತಾಡುತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಹೆಸರು ಬೇಡ. ಯಾಕೆ ತೆಗೆದುಕೊಂಡಿರಿ ಎಂದು ಕೇಳುವುದಿಲ್ಲ. ಒಣಗಿದಂತೆ ಕಂಡರೂ ಸತ್ತಿದೆ ಎಂದುಕೊಳ್ಳಬೇಡಿ, ನೀರು ಹಾಕಬೇಡಿ. ಎಸೆದೇ ಕೊಡಬೇಕೆಂದಿದ್ದರೆ ಟಬ್ ನಮ್ಮಲ್ಲಿದೆ, ಟೀಚರ್ ಬರಲು ಒಪ್ಪಿದ್ದಾರೆ. ಅಮಾವಾಸ್ಯೆಯ ತಾರೀಖು ನಾನು ನೋಡಿ ಹೇಳುತ್ತೇನೆ.